ಹೋಲಿಕೆಗೆ ಒಂದು ಬೆರಳು

ಒಣಗೈಯಲ್ಲಿ ಮೀನು ಮುಟ್ಟಬೇಡ ಅನ್ನುತ್ತಿದ್ದಳು
ನಮ್ಮತ್ತೆ ಬೆಟ್ಟಾಜಮ್ಮ,
ಬದುಕಿರುವುದನ್ನು.
ಸತ್ತದ್ದಕ್ಕೆ ಬೂದಿ.
ಹಿಡಿ ಬೂದಿ ಹಾಕಿ ಕಲ್ಲಿನ ಮೇಲೆ ಉಜ್ಜು,
ಲೋಳೆ ಹೋಗುವ ತನಕ ಉಜ್ಜು,
ಇಲ್ಲದಿದ್ದರೆ ಸಾರು ಕೆಸರು ನಾರುತ್ತದೆ.
ಇಪ್ಪತ್ತೆರಡು ವರ್ಷ ಉಜ್ಜಿದೆ,
ಹೊಳೆನರಸೀಪುರದ ಸಂತೆಯಲ್ಲಿ, ಗೊರೂರಿನ ಹೊಳೆದಂಡೆಯಲ್ಲಿ.
ಲೋಳೆಯೆಲ್ಲ ಚರಂಡಿಗೆ.

ಈಗ ಅದನ್ನೇ ಕೆರೆದು ಕೊಡಲು ದಿನಗೂಲಿ.

ಅಣೆಕಟ್ಟೆಯ ಕೆಳಗೆ ಕಾಟ್ಲಾ ಮರಿ ಸಾಕುವ ಒಂಬತ್ತು ಕೊಳ.
ನಾಲ್ಕನೆಯದರಲ್ಲಿ ಕೆಂಪು ಹುಣ್ಣು:
ಬಾಲದ ಬುಡದಲ್ಲಿ ರಾಗಿಕಾಳಿನಷ್ಟು ಶುರು,
ಮೂರನೇ ದಿನಕ್ಕೆ ಮೂಳೆ ಕಾಣುತ್ತದೆ.
ತೌಡಿಗೆ ಹಳದಿ ಪುಡಿ ಕಲಸಿ ಹಾಕುತ್ತಿದ್ದರು.
ಮೊದಲ ವರ್ಷ ನಿಂತಿತು. ಮರುವರ್ಷ ಅರ್ಧ ನಿಂತಿತು.
ಈಗ ಹುಣ್ಣಿನ ಹುಳ ಆ ಪುಡಿಯನ್ನು
ಉಪ್ಪಿನಕಾಯಿಯ ಹಾಗೆ ನೆಂಚಿಕೊಳ್ಳುತ್ತಿದೆ,
ಎಂದರು ತಸ್ನೀಮ್ ಮೇಡಂ, ನಗದೆ.

ಹಾವುಮೀನು ಕೊಚ್ಚೆಯಲ್ಲಿ ಮಲಗುತ್ತದೆ,
ಅದರ ಮೈಮೇಲೆ ಗಾಯ ಕೊಳೆತದ್ದು ಕಂಡಿದ್ದೀಯಾ?
ಎರಡು ಸಲ, ಎಂದೆ.
ಎರಡು ಸಲ, ಎಂದೇ ಬರೆದುಕೊಂಡರು.

ಕೈ ಒದ್ದೆ ಮಾಡಿಕೊಂಡು ಹಿಡಿಯುತ್ತೇನೆ.
ತೋಳಿಗೆ ಸುತ್ತಿಕೊಳ್ಳುತ್ತದೆ,
ಬಳೆಗಾರ್ತಿ ಅಳತೆ ನೋಡಿದ ಹಾಗೆ.
ಗಾಜಿನ ಪಟ್ಟಿ ಬೆನ್ನ ಮೇಲೆ ಒಂದೇ ಸಲ,
ತಲೆಯಿಂದ ಬಾಲಕ್ಕೆ, ಕೆನೆ ತೆಗೆದಂತೆ.
ಪೂರ್ತಿ ತೆಗೆಯಬಾರದು,
ಅದರದ್ದು ಅದಕ್ಕೂ ಬೇಕು.
ಮತ್ತೆ ನೀರಿಗೆ.

ಐಸಿನ ಡಬ್ಬಿ ಹಾಸನದ ಬಸ್ಸಿನಲ್ಲಿ ಹೋಗುತ್ತದೆ,
ಕಂಡಕ್ಟರ್ ಶಿವನಂಜನ ಕಾಲಡಿ.
ತಿಂಗಳಾದ ಮೇಲೆ ಒಂದು ಗಾಜಿನ ತಟ್ಟೆ ತೋರಿಸಿದರು:
ಮೊಸರಿನ ಹಾಗೆ ಹೆಪ್ಪುಗಟ್ಟಿದ ಹುಳ,
ನಡುವೆ ಕಾಗದದ ಬೊಟ್ಟು, ಸುತ್ತ
ಅಲಸಂದೆಕಾಳಿನಷ್ಟು ಬಯಲು.
ಏನೂ ಬೆಳೆಯದ ಬಯಲು.
ಲೋಳೆಯೊಳಗೆ ಒಂದು ಸಣ್ಣ ಪ್ರೋಟೀನು,
ಹುಳದ ಸಿಪ್ಪೆಗೆ ತೂತು ಹೊಡೆಯುತ್ತದಂತೆ,
ಹೆಸರು ಇನ್ನೂ ಇಟ್ಟಿಲ್ಲ.
ಬೆಟ್ಟಾಜಮ್ಮ ಅಂತ ಇಡಿ, ಎಂದೆ.
ಅವಳೂ ಹಾಗೇ,
ಮಾತಲ್ಲೇ ತೂತು ಹೊಡೆಯುತ್ತಿದ್ದಳು.

ಕೊಳ ತಟ್ಟೆಯಲ್ಲ.
ಮೊನ್ನೆ ನಾಲ್ಕರಲ್ಲಿ ಮೂವತ್ತೊಂದು ತೇಲಿದವು.
ಅದೇ ಹುಣ್ಣು ಹತ್ತಿದ ಐದರಲ್ಲಿ,
ಮೇವಿಗೆ ಲೋಳೆಯ ಸತ್ವ ಬೆರೆಸಿದಲ್ಲಿ, ಹತ್ತೊಂಬತ್ತು.
ಹನ್ನೆರಡು ಉಳಿದವು, ಎಂದೆ.
ಹಾಗೆನ್ನುವಂತಿಲ್ಲ,
ಐದಕ್ಕೆ ಹೊಸನೀರು ಜಾಸ್ತಿ ಹರಿದಿರಬಹುದು, ಎಂದರು.

ಆಷಾಢದಲ್ಲಿ ನನ್ನ ತೋರುಬೆರಳು ಗಾಜಿಗೆ ಸಿಕ್ಕಿ ಸೀಳಿತ್ತು.
ದಿನವಿಡೀ ಲೋಳೆಯಲ್ಲೇ ಕೈ.
ಕೀವಾಗಲಿಲ್ಲ. ಎಂಟೇ ದಿನಕ್ಕೆ ಕೂಡಿಕೊಂಡಿತು.
ತೋರಿಸಿದೆ. ನಕ್ಕರು. ಪುಸ್ತಕ ತೆರೆಯಲಿಲ್ಲ.
ಹೋಲಿಕೆಗೆ ಇನ್ನೊಂದು ಬೆರಳು ಬೇಕಲ್ಲ,
ಅಷ್ಟೇ ಸೀಳಿದ್ದು,
ಲೋಳೆ ಮುಟ್ಟದ್ದು.

ಸಂಜೆ ಮನೆಯಲ್ಲಿ ಸತ್ತ ಹಾವುಮೀನೊಂದು,
ಹಿಡಿ ಬೂದಿ, ಅತ್ತೆಯ ಕಲ್ಲು.
ಎಡಗೈ ಬೆರಳು ನೋಡುತ್ತೇನೆ. ಈಳಿಗೆ ನೋಡುತ್ತೇನೆ.
ಹುಣಸೆ ಕಿವುಚುತ್ತಿದ್ದ ಮಗಳು ತಿರುಗಿ,
ಉಜ್ಜಮ್ಮ, ಏನು ನೋಡ್ತಾ ಕೂತೆ?

ಉಜ್ಜುತ್ತೇನೆ.
ನೀರು ಚರಂಡಿಗಿಳಿಯುವುದನ್ನು ಮಾತ್ರ
ನೋಡುವುದಿಲ್ಲ.