ಎರಡನೇ ಬದಿ

ಜುಫೈರಿನಲ್ಲಿ ಯಾರದೋ ಫ್ಲ್ಯಾಟು ಖಾಲಿಯಾದ ದಿನ
ಒಂದು ದಿನಾರಿಗೆ ಸಿಕ್ಕಿತು, ಇಸ್ತ್ರಿ ಮೇಜಿನ ಜೊತೆ.
ಹೊದಿಕೆಯ ಮೇಲೆ ಕಾಫಿ ಲೋಟದ ಉಂಗುರ,
ಉಂಗುರದೊಳಗೆ ಸ್ಯಾಕ್ಸೋಫೋನ್ ಹಿಡಿದ ದಪ್ಪ ಮನುಷ್ಯ,
ಹಿಂದೆ ಅರೆಗತ್ತಲಲ್ಲಿ ಆರ್ಗನ್ನಿಗೆ ಬಾಗಿದವಳು.
ಹೆಸರುಗಳನ್ನು ಆಗಸ್ಟಿನ ತೇವ ತಿಂದಿತ್ತು.

ಗುದೈಬಿಯಾದ ಕೋಲ್ಡ್ ಸ್ಟೋರಿನ ಹಿಂದಿನ ಕೋಣೆ.
ಶಟರು ಎಳೆದ ಮೇಲೆ, ರಾತ್ರಿ ಒಂದೂವರೆಗೆ,
ಮುಳ್ಳು ಇಳಿಸಿದೆ.
ಮೊಸರಿನ ಫ್ರಿಜ್ಜಿನ ಗುಂಯ್ ಎಂದೇ ತಿಳಿದೆ ಮೊದಲು,
ಆಮೇಲೆ ಅದು ಬಾಗಿತು.

ಮೋನಪ್ಪ ಶೇರಿಗಾರ ಚಪಾತಿ ಹಿಟ್ಟು ಬಿಟ್ಟು ಬಂದ,
ಮೊಣಕೈವರೆಗೂ ಬಿಳಿ.
ಹಗಲು ಹೋಟೆಲುಗಳ ಎಸಿ ಕೊಳವೆಯೊಳಗೆ ತೆವಳಿ ಧೂಳು ತೆಗೆಯುತ್ತಾನೆ.
ಊರಲ್ಲಿ ಅವನ ಸ್ಯಾಕ್ಸೋಫೋನಿಲ್ಲದೆ ದಿಬ್ಬಣ ಹೊರಡುತ್ತಿರಲಿಲ್ಲ;
ಅದನ್ನೇ ಮಾರಿ ವೀಸಾ ಮಾಡಿಸಿದ.
ಹೇಳುವಾಗ ನಗುತ್ತಾನೆ.

ನಾನು ಅದೇ ಊರಿನ ಇಗರ್ಜಿಯಲ್ಲಿ
ಹದಿಮೂರು ವರ್ಷ ಆರ್ಗನ್ ತುಳಿದವನು.
ಅವನ ದಿಬ್ಬಣ ನಮ್ಮ ಗೇಟು ದಾಟುವಾಗ
ಪಾದ್ರಿಗಳು ಕಿಟಕಿ ಮುಚ್ಚಿಸುತ್ತಿದ್ದರು.
ಒಳಗೆ ಪೂಜೆಯಿದ್ದರೆ ಅವನೂ ಊದುವುದು ನಿಲ್ಲಿಸಿ
ಬರೀ ಹೆಜ್ಜೆ ಹಾಕುತ್ತಿದ್ದನಂತೆ.
ಹಾಗೆ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟೇ ಬದುಕಿದವು.
ಇಲ್ಲಿ ನೋಡಿದರೆ
ಎರಡೂ ಒಂದೇ ಪ್ಲೇಟಿನಲ್ಲಿ ಉಣ್ಣುತ್ತಿವೆ.

'ಗಾಂಧಾರ ಕೇಳು' ಅಂದ ಮೋನಪ್ಪ,
'ಸಾಧಾರಣವೂ ಅಲ್ಲ, ಅಂತರವೂ ಅಲ್ಲ,
ನಡುವೆ ಎಲ್ಲೋ ಒಂದು ಕಾಲೂರಿ ನಿಂತಿದ್ದಾನೆ ಕಳ್ಳ.
ನಮ್ಮ ಗುರುಗಳಾಗಿದ್ದರೆ ಕಿವಿ ಹಿಂಡುತ್ತಿದ್ದರು.'
ಬೆರಳು ಮಾತ್ರ ಮೊಣಕಾಲ ಮೇಲೆ ಕೀಲಿ ಒತ್ತುತ್ತಲೇ ಇದ್ದವು,
ಲುಂಗಿಯ ತುಂಬ ಹಿಟ್ಟಿನ ಚುಕ್ಕೆ.

ನನಗೆ ಕೇಳಿಸಿದ್ದು ಅವಳ ಕಾಲು.
ಬರಿಗಾಲೇ ಇರಬೇಕು.
ಕೆಳಗಿನ ಮರದ ಪಟ್ಟಿಗಳಲ್ಲಿ ಮಂದ್ರವನ್ನು ತಡಕುವ ಹೆಬ್ಬೆರಳು;
ಮೇಲೆ ಕೈ ಜಪಸರದ ಹಾಗೆ ಶುರುಮಾಡಿ
ಮೂರನೇ ಮಣಿಗೇ ದಾರಿ ತಪ್ಪುತ್ತದೆ, ಬೇಕೆಂದೇ.
ಹದಿಮೂರು ವರ್ಷದಲ್ಲಿ ನಾನು ಹಾಗೆ ತಪ್ಪಿದ್ದು ಒಮ್ಮೆ,
ಸಾವಿನ ಪೂಜೆಯಲ್ಲಿ. ತಂಗಿಯದು.
ಯಾರೂ ಗದರಲಿಲ್ಲ.

ಒಂದು ಕಡೆ ಅವನ ಉಸಿರು ಮುಗಿಯುತ್ತದೆ.
ಮೋನಪ್ಪ ಕೈ ಎತ್ತಿದ: 'ಈಗ ನೋಡು, ಈಗ ಕದಿಯುತ್ತಾನೆ.'
ಸ್ಯಾಕ್ಸೋಫೋನ್ ನಿಂತಿತು.
ಆರ್ಗನ್ನಿಗೆ ಶ್ವಾಸಕೋಶವಿಲ್ಲ, ಅದಕ್ಕೇ ಅವಸರವೂ ಇಲ್ಲ.
ಒಂದೇ ಸ್ವರ ಹಿಡಿದು ಕಾಯಿತು,
ಓಡಿ ಬರುವವನನ್ನು ಕಂಡು
ಸೀಟಿ ಬಾಯಲ್ಲೇ ಇಟ್ಟುಕೊಂಡ ಕಂಡಕ್ಟರನ ಹಾಗೆ.
ಹತ್ತಿಕೊಂಡ.

ಎರಡನೇ ಬದಿಯಲ್ಲಿ ಗೀರು.
ನಾಲ್ಕು ಸ್ವರಕ್ಕೆ ಬರುತ್ತದೆ, ಜಾರುತ್ತದೆ, ಮತ್ತೆ ಅದೇ ನಾಲ್ಕು.
ಐವತ್ತು ಫಿಲ್ಸಿನ ನಾಣ್ಯ ಇಟ್ಟೆ ಮುಳ್ಳಿನ ತಲೆಗೆ.
ಮತ್ತೂ ಜಾರಿತು.
'ಇರಲಿ ಬಿಡು' ಅಂದ ಮೋನಪ್ಪ,
ಕಣ್ಣು ಮುಚ್ಚಿ ಮುಂದಿನದನ್ನು ಬಾಯಲ್ಲೇ ಊದಿ ಮುಗಿಸಿದ.
ಇಪ್ಪತ್ತು ಸಲವಾದರೂ ಊದಿರಬೇಕು,
ಪ್ರತಿ ಸಲ ಬೇರೆ.

ಶಟರು ಬಡಿದರು. ಟ್ಯಾಕ್ಸಿಯವನು,
ಒಂದು ಲಬನ್ ಬೇಕಂತೆ ಈ ಹೊತ್ತಿಗೆ.
ಚಿಲ್ಲರೆಗೆ ಐವತ್ತು ಕಡಿಮೆ ಬಿತ್ತು;
ಒಳಗೆ ಬಂದು ಮುಳ್ಳಿನ ಮೇಲಿದ್ದದ್ದನ್ನೇ ತೆಗೆದು ಕೊಟ್ಟೆ.

ತಿರುಗಿ ಬರುವಷ್ಟರಲ್ಲಿ ಗೀರು ದಾಟಿತ್ತು.
ಮೋನಪ್ಪ ಗೋಡೆಗೊರಗಿ ಸುಮ್ಮನೆ ಕೂತಿದ್ದ.
'ನಾನಂದುಕೊಂಡದ್ದು ಒಂದೂ ಅಲ್ಲ ಮಾರಾಯ' ಅಂದ,
ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡು.