ಇಪ್ಪತ್ತಮೂರು ಜೋಡಿ

ಸೆಪ್ಟೆಂಬರಿನಲ್ಲಿ ಇಪ್ಪತ್ತನಾಲ್ಕು ಜನ ಹತ್ತಿ ಇಳಿದರು,
ತಾರ್ತುವಿನ ಹಾಸ್ಟೆಲಿನ ನೆಲಮಾಳಿಗೆಯಲ್ಲಿ
ಬಟ್ಟೆ ಒಗೆಯುವ ಯಂತ್ರದ ಪಕ್ಕ ನಾನಿಟ್ಟ ತಕ್ಕಡಿಯನ್ನು.
ಶೂ ಬಿಚ್ಚಿ, ಕೋಟು ಕಳಚಿ, ಬೀಗದಕೈ ಮೇಜಿನ ಮೇಲಿಟ್ಟು.
ತಾಂಬೆಟ್ ಮಾತ್ರ ಉಸಿರು ಬಿಗಿಹಿಡಿದು ನಿಂತ,
ಉಸಿರಿಗೂ ತೂಕವಿದೆಯೆಂಬಂತೆ.

ಮೊದಲ ವರ್ಷ ಎಲ್ಲರೂ ದಪ್ಪಗಾಗುತ್ತಾರೆ, ಊರೆಲ್ಲ ಹೇಳುವ ಮಾತು.
ಅಳೆದು ನೋಡು, ಎಂದರು ಪ್ರೊಫೆಸರ್ ಹೆಲ್ಗಿ.
ತೆಂಗಿನುದ್ದದ, ಅಲ್ಲ, ದೇವದಾರುವಿನುದ್ದದ ತಾಂಬೆಟ್‌ನನ್ನು
ಗುಬ್ಬಿಯಂಥ ಪಿರೆತ್‌ಗೆ ಹೋಲಿಸಬೇಡ;
ಅವನ ಎದುರು ಅವನನ್ನೇ ನಿಲ್ಲಿಸು.
ಚಳಿಗಾಲದ ಆಚೆ ದಡದವನಿಂದ ಈಚೆ ದಡದವನನ್ನು ಕಳೆ.
ಉಳಿದದ್ದಷ್ಟೇ ನಿನ್ನದು.

ನಡುವೆ ಏನೇನಾಯಿತೋ ನನ್ನ ಪಟ್ಟಿಗೆ ಗೊತ್ತಿಲ್ಲ.
ಮಧ್ಯಾಹ್ನ ಮೂರೂವರೆಗೇ ಕತ್ತಲೆ,
ಕರಿರೊಟ್ಟಿ, ರಾತ್ರಿ ಎರಡಕ್ಕೆ ಕುದಿಸಿದ ಪೆಲ್ಮೇನಿ.
ಪಿರೆತ್‌ಳ ಮುರಿದ ಪ್ರೇಮ: ಮೈನಸ್ ಮೂರು ಪಾಯಿಂಟ್ ಒಂದು.

ಏಪ್ರಿಲ್. ಎಮಾಯೊಗಿಯಲ್ಲಿ ಹಿಮ ಕರಗಿ ನೀರು ಮತ್ತೆ ನೀರಾಯಿತು.
ಇಪ್ಪತ್ತಮೂರು ಜನ ಬಂದರು.

ಶಾಸ್ತ್ರದ ಪ್ರಕಾರ ಮೊದಲು ‘ಏನೂ ಬದಲಾಗಿಲ್ಲ’ ಎಂದುಕೊಳ್ಳಬೇಕು,
ಆಮೇಲೆ ಆ ಮಾತನ್ನೇ ಕಟಕಟೆ ಹತ್ತಿಸಬೇಕು.
ಸರಾಸರಿ ವ್ಯತ್ಯಾಸ ಒಂಬೈನೂರು ಗ್ರಾಂ.
ಹೊಸ್ತಿಲು ಎರಡು ಪಾಯಿಂಟ್ ಸೊನ್ನೆ ಏಳು,
ನನ್ನದು ಎರಡು ಪಾಯಿಂಟ್ ಸೊನ್ನೆ ಐದು.
ಕಾಲು ಎತ್ತಿಯಾಗಿದೆ, ಒಳಗೆ ಇಟ್ಟಿಲ್ಲ.

ಇಪ್ಪತ್ತನಾಲ್ಕನೆಯವಳು ಲೇಲೊ.
ಹಗುರ ತೂಕದ ದೋಣಿ ತಂಡದವಳು;
ಶರತ್ಕಾಲದಲ್ಲಿ ಅವಳ ಕೊರಳೆಲುಬಿನ ಗುಳಿಯಲ್ಲಿ
ಒಂದು ಚಮಚ ನೀರು ನಿಲ್ಲುತ್ತಿತ್ತು.
ಕೆಫೆಯಲ್ಲಿ ಸಿಕ್ಕಳು, ಕೆನ್ನೆ ತುಂಬಿದೆ,
ಬೆರಳಲ್ಲಿ ದಾಲ್ಚಿನ್ನಿ ಬನ್ನಿನ ಸಕ್ಕರೆ.
ಕಣ್ಣಳತೆಯಲ್ಲೇ ಗೊತ್ತಾಯಿತು: ನಾಲ್ಕು ಕಿಲೋ, ಕಡಿಮೆಯಿಲ್ಲ.
ಇವಳೊಬ್ಬಳು ಹತ್ತಿ ಇಳಿದರೆ ನಾನು ಹೊಸ್ತಿಲು ದಾಟಿದೆ.

ಒಂದೇ ನಿಮಿಷ, ಎಂದೆ.
ಹದಿಮೂರನೆಯ ವಯಸ್ಸಿನಿಂದ ದಿನಾ ಬೆಳಿಗ್ಗೆ ಒಂದೇ ನಿಮಿಷ,
ಎಂದಳು ಅವಳು. ಕೋಪವಿರಲಿಲ್ಲ.
ದೋಣಿ ಬಿಟ್ಟೆ. ತಕ್ಕಡಿಯನ್ನೂ.
ಬನ್ನನ್ನು ಎರಡಾಗಿ ಮುರಿದು,
ದೊಡ್ಡ ಚೂರನ್ನೇ ನನ್ನ ಕಾಗದದ ಮೇಲಿಟ್ಟಳು.

ಜೋಡಿಯಿಲ್ಲದ ಸಾಲನ್ನು ತೆಗೆದುಹಾಕುವುದು ನಿಯಮ.
ತೆಗೆದೆ. ‘ಬದಲಾವಣೆಗೆ ಸಾಕಷ್ಟು ಪುರಾವೆಯಿಲ್ಲ’ ಎಂದು ಬರೆದೆ,
ಹೆಲ್ಗಿ ಸಹಿ ಹಾಕಿದರು.

ಮೂಲ ಹಾಳೆ ನನ್ನ ಬಳಿಯೇ ಇದೆ.
ಏಪ್ರಿಲ್ ಎಂಬ ಕಾಲಮ್ಮಿನ ಕೊನೆಯ ಚೌಕದಲ್ಲಿ
ಅಂಕಿ ಇರಬೇಕಾದಲ್ಲಿ ಬೆಣ್ಣೆಯ ಕಲೆ.
ಬೆಳಕಿಗೆ ಹಿಡಿದರೆ
ಅದರ ಮೂಲಕ ಹೊಳೆ ಕಾಣುತ್ತದೆ.