ಕಡಂಬುಟ್ಟು

ಮೊದಲು ಕಿತ್ತಳೆಯಷ್ಟು ಉಂಡೆ ಕಟ್ಟುತ್ತಿದ್ದೆ,
ಆಮೇಲೆ ನಿಂಬೆಯಷ್ಟು.
ನಿನ್ನೆ ಕಾಫಿಬೀಜದಷ್ಟು ಚಿವುಟಿ ತುಟಿಗಿಟ್ಟರೆ
ಮುಖ ತಿರುಗಿಸಿದಳು ದೇಚಕ್ಕ,
ಗೋಣಿಕೊಪ್ಪದ ಸಂತೆಯಲ್ಲಿ ಹಂದಿಮಾಂಸವನ್ನು
ಬೆರಳಲ್ಲೊತ್ತಿ ಬೆಲೆ ಇಳಿಸುತ್ತಿದ್ದವಳು.

ಒಂದೇ ತುತ್ತು, ನನ್ನಾಣೆ, ಅಂದೆ.

ಅಮ್ಮತ್ತಿಯಿಂದ ಬಂದ ನರ್ಸ್ ಫಿಲೋಮಿನಾ
ಕೈಯಿಂದ ಚಮಚ ತೆಗೆದಿಟ್ಟಳು.
ಆಣೆ ಹಾಕಬೇಡಿ. ಉಣಿಸಲಿಲ್ಲವೆಂದು
ಹೋಗುತ್ತಿಲ್ಲ ಅವರು.
ಹೊರಟಿದ್ದಾರೆ, ಹಸಿವು ಮುಂದೆ ಹೋಗಿದೆ ಅಷ್ಟೆ.
ಬಾಯಿ ಒಣಗದಂತೆ ನೋಡಿಕೊಳ್ಳಿ, ಸಾಕು.

ಹತ್ತಿ ನೆನೆಸಿ ತುಟಿ ಒರೆಸಿದೆ.
ಮತ್ತೆ ನೆನೆಸಿದೆ.
ಕೈ ಸುಮ್ಮನಿರಲಿಲ್ಲ,
ಆ ನೀರಿಗೆ ಒಂದು ಹನಿ ಕಾಚಂಪುಳಿ ಬಿಟ್ಟೆ.

ನಾಲಿಗೆಯ ತುದಿ ಹೊರಬಂತು. ಹುಬ್ಬು ಗಂಟಾಯಿತು.
"ಇದು ನಮ್ಮನೇದಲ್ಲ," ಅಂದಳು.

ಹೌದು. ಪಕ್ಕದ ಮನೆಯಿಂದ ಕಡ ತಂದದ್ದು.

ಅಡುಗೆಮನೆಗೆ ಹೋಗಿ
ತಣ್ಣಗಾದ ಉಂಡೆಗಳನ್ನೆಲ್ಲ
ನಿಂತೇ ತಿಂದೆ.